ಹಾಲುಹಲ್ಲಿನ ತಿರುಳಿನಲ್ಲಿ ನಿಜಕ್ಕೂ ಏನಿದೆ? ಹಲ್ಲಿನ ಕಾಂಡಕೋಶಗಳ ಭರವಸೆ ಮತ್ತು ಪುರಾವೆ

2024ರಲ್ಲಿ ಜಪಾನಿನ ಕ್ಯೋಟೊದಿಂದ ಒಂದು ಸುದ್ದಿ ಬಂತು: ಹೊಸ ಹಲ್ಲು ಮೊಳೆಯುವಂತೆ ಮಾಡಬಲ್ಲ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಆರಂಭಿಸಲಾಗಿದೆ. ಮರುವರ್ಷ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಪ್ರಯೋಗಾಲಯದಲ್ಲಿ ಹಲ್ಲು ಬೆಳೆಸುವ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ ಎಂಬ ಸುದ್ದಿ. ಇವುಗಳ ನಡುವೆಯೇ ಹೆತ್ತವರ ಮೊಬೈಲಿಗೆ ಇನ್ನೊಂದು ಬಗೆಯ ಮಾತು ತಲುಪುತ್ತಿರುತ್ತದೆ: ಮಗುವಿನ ಹಾಲುಹಲ್ಲನ್ನು ಎಸೆಯಬೇಡಿ, ಅದರ ತಿರುಳಿನಲ್ಲಿ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿವೆ, ಅವನ್ನು ಕಾದಿಟ್ಟರೆ ಮುಂದೆ ಮಧುಮೇಹದಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಎಲ್ಲಕ್ಕೂ ಮದ್ದಾದೀತು. ಓದಿದವರು ಮೂರನ್ನೂ ಸೇರಿಸಿ ಒಂದೇ ಕಥೆ ಮಾಡಿಕೊಳ್ಳುತ್ತಾರೆ. ಹಲ್ಲು ಮತ್ತೆ ಹುಟ್ಟಿಸುವ ಕಾಲ ಬಂದಿದೆ, ಅದಕ್ಕೆ ಬೇಕಾದದ್ದು ಮಗುವಿನ ಹಾಲುಹಲ್ಲಿನಲ್ಲಿದೆ, ಈಗ ಎತ್ತಿಡದಿದ್ದರೆ ಅವಕಾಶ ಕೈತಪ್ಪಿ ಹೋಗುತ್ತದೆ!

ಕಥೆಯ ಒಂದೊಂದು ತುಣುಕಿನಲ್ಲೂ ಸ್ವಲ್ಪ ಸತ್ಯವಿದೆ, ಜೋಡಿಸಿದ ರೀತಿ ಮಾತ್ರ ತಪ್ಪು. ತಿರುಳಿನ ಕಾಂಡಕೋಶಗಳ ಬಗ್ಗೆ ಕಿವಿಗೆ ಬೀಳುವ ಹೇಳಿಕೆಗಳನ್ನು ತೂಗಿ ನೋಡಲು ಒಂದು ಸರಳ ಅಳತೆಗೋಲು ಇದೆ. ಹೇಳಿಕೆ ಹಲ್ಲಿಗೆ ಹತ್ತಿರವಿದ್ದಷ್ಟೂ ಅದರ ಹಿಂದಿನ ಪುರಾವೆ ಗಟ್ಟಿಯಾಗಿರುತ್ತದೆ. ಹಲ್ಲಿನಿಂದ ದೂರ ಸರಿದು ಮಿದುಳು, ಬೆನ್ನುಹುರಿ, ಮೇದೋಜ್ಜೀರಕ ಗ್ರಂಥಿಯ ಕಡೆಗೆ ಹೋದಷ್ಟೂ ಪುರಾವೆ ತೆಳ್ಳಗಾಗುತ್ತದೆ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಸುದ್ದಿಗಳ ಗಂಟು ಬಿಡಿಸಬೇಕು.

ಸುದ್ದಿ ಮೂರು, ವಿಜ್ಞಾನವೂ ಮೂರು

ಕ್ಯೋಟೊದ ಔಷಧಕ್ಕೂ ಕಾಂಡಕೋಶ ಕಸಿಗೂ ಸಂಬಂಧವಿಲ್ಲ. ಹಲ್ಲಿನ ಮೊಳಕೆ ಬೆಳೆಯದಂತೆ ತಡೆಹಿಡಿಯುವ ಒಂದು ಪ್ರೋಟೀನು ನಮ್ಮ ದೇಹದಲ್ಲಿದೆ. ಆ ಪ್ರೋಟೀನನ್ನು ಪ್ರತಿಕಾಯದ ಮೂಲಕ ಕಟ್ಟಿಹಾಕಿದರೆ ಸುಪ್ತವಾಗಿರುವ ಮೊಳಕೆ ಮತ್ತೆ ಬೆಳೆಯಬಹುದು ಎಂಬುದು ಅಲ್ಲಿನ ಚಿಂತನೆ. ಇಲಿಗಳಲ್ಲಿ, ಫೆರೆಟ್ ಎಂಬ ಪ್ರಾಣಿಯಲ್ಲಿ ಹೊಸ ಹಲ್ಲು ಬಂದದ್ದನ್ನು ಕಂಡ ಮೇಲೆ ಮನುಷ್ಯರಲ್ಲಿ ಪರೀಕ್ಷೆ ಶುರುವಾಯಿತು. ಈ ಮೊದಲ ಹಂತ ನೋಡುವುದು ಮುಖ್ಯವಾಗಿ ಔಷಧ ಸುರಕ್ಷಿತವೇ ಎಂಬುದನ್ನು. ಮುಂದಿನ ಗುರಿ ಹುಟ್ಟಿನಿಂದಲೇ ಹಲವು ಹಲ್ಲುಗಳಿಲ್ಲದ ಮಕ್ಕಳು. ಲಂಡನ್ನಿನ ಕೆಲಸ ಬೇರೆಯೇ ಜಾತಿಯದು. ಕೋಶಗಳು ಒಂದಕ್ಕೊಂದು ಸಂಕೇತ ಕಳಿಸುತ್ತಾ ಹಲ್ಲಾಗಿ ರೂಪುಗೊಳ್ಳಲು ಅನುವಾಗುವ ಮೆತ್ತನೆಯ ಆಧಾರವಸ್ತುವೊಂದನ್ನು ಅಲ್ಲಿ ರೂಪಿಸಿದ್ದಾರೆ. ಅದಿನ್ನೂ ಪ್ರಯೋಗಾಲಯದ ತಟ್ಟೆಯಲ್ಲೇ ಇದೆ.

ತಿರುಳಿನ ಕಾಂಡಕೋಶ ಮೂರನೆಯ ದಾರಿ. ಅದರಿಂದ ಇಡೀ ಹಲ್ಲು ಬೆಳೆಯುತ್ತದೆ ಎಂದು ಈ ಕ್ಷೇತ್ರದ ಯಾವ ಗಂಭೀರ ಸಂಶೋಧಕರೂ ಹೇಳುತ್ತಿಲ್ಲ. ಇಡೀ ಹಲ್ಲು ಹುಟ್ಟಬೇಕಾದರೆ ಎನಾಮಲ್ ಕಟ್ಟುವ ಕೋಶಗಳು ಬೇಕು. ಹಲ್ಲು ಬಾಯಿಗೆ ಮೂಡುವಾಗಲೇ ಆ ಕೋಶಗಳು ಇಲ್ಲವಾಗುತ್ತವೆ. ತಿರುಳಿನಲ್ಲಿ ಅವನ್ನು ಹುಡುಕಿ ಫಲವಿಲ್ಲ.

ತಿರುಳಿನೊಳಗೆ

ಹಲ್ಲಿನ ಹೊರಗೆ ಎನಾಮಲ್, ಒಳಗೆ ಡೆಂಟಿನ್, ಅದರ ನಡುವಿನ ಪೊಳ್ಳಿನಲ್ಲಿ ತಿರುಳು. ರಕ್ತನಾಳ ಮತ್ತು ನರಗಳು ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ಒಳಬರುತ್ತವೆ. ತಿರುಳಿನ ಅಂಚಿನಲ್ಲಿ ಸಾಲಾಗಿ ನಿಂತ ಓಡೊಂಟೋಬ್ಲಾಸ್ಟ್ ಕೋಶಗಳು ಜೀವನಪೂರ್ತಿ ಡೆಂಟಿನ್ ಕಟ್ಟುತ್ತಿರುತ್ತವೆ. ಹುಳುಕು ಆಳಕ್ಕಿಳಿದು ಈ ಕೋಶಗಳು ಸತ್ತಾಗ ಹೊಸ ಕೋಶಗಳು ಎಲ್ಲಿಂದಲೋ ಬಂದು ದುರಸ್ತಿ ನಡೆಸುವುದು ದಂತವೈದ್ಯರಿಗೆ ಬಹುಕಾಲದಿಂದ ಗೊತ್ತಿತ್ತು. ಎಲ್ಲಿಂದ ಎಂಬ ಪ್ರಶ್ನೆಗೆ 2000ನೇ ಇಸವಿಯಲ್ಲಿ ಉತ್ತರ ಸಿಕ್ಕಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಸ್ಟಾನ್ ಗ್ರಾಂಥೋಸ್, ಸಾಂಗ್‌ಟಾವ್ ಶಿ ಮತ್ತು ಸಂಗಡಿಗರು ವಯಸ್ಕರ ಬುದ್ಧಿಹಲ್ಲಿನ ತಿರುಳಿನಿಂದ ಕಾಂಡಕೋಶಗಳನ್ನು ಬೇರ್ಪಡಿಸಿದರು. ಅವನ್ನು ಇಲಿಗಳ ಚರ್ಮದಡಿಯಲ್ಲಿ ಇಟ್ಟಾಗ ಡೆಂಟಿನ್ ಮತ್ತು ತಿರುಳನ್ನು ಹೋಲುವ ಅಂಗಾಂಶ ಬೆಳೆಯಿತು. 2003ರಲ್ಲಿ ಅದೇ ಬಳಗ ತಾನಾಗಿ ಬಿದ್ದ ಹಾಲುಹಲ್ಲಿನಲ್ಲೂ ಇಂಥ ಕೋಶಗಳನ್ನು ಕಂಡುಕೊಂಡಿತು. ಒಂದು ಹಲ್ಲಿನಿಂದ ಅವರಿಗೆ ಸಿಕ್ಕದ್ದು ಸುಮಾರು 12ರಿಂದ 20 ಕೋಶಗಳು. ಅಷ್ಟು ಕಡಿಮೆ ಇದ್ದರೂ ಅವು ವೇಗವಾಗಿ ವೃದ್ಧಿಯಾದವು ಎಂಬುದೇ ಅಂದಿನ ಉತ್ಸಾಹಕ್ಕೆ ಕಾರಣ.

ಕೋಶಗಳನ್ನು ತೆಗೆಯುವ ಕೆಲಸ ನಡೆಯುವುದು ಹೀಗೆ. ಕಿತ್ತ ಹಲ್ಲನ್ನು ಒಣಗಲು ಬಿಡದೆ ಪೋಷಕ ದ್ರವದಲ್ಲಿ ಮುಳುಗಿಸಿ, ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಎನಾಮಲ್ ಮುಗಿದು ಬೇರು ಆರಂಭವಾಗುವ ಗೆರೆಯಲ್ಲಿ ಹಲ್ಲನ್ನು ಕೊಯ್ದು ಒಳಗಿನ ತಿರುಳನ್ನು ಎಳೆದು ತೆಗೆಯುತ್ತಾರೆ. ನೋಡಲು ಅದು ಕೆಂಪಗಿನ ಒಂದು ಸಣ್ಣ ಎಳೆ, ಅಷ್ಟೇ. ಅದನ್ನು ಕತ್ತರಿಸಿ, ದೇಹದ ಉಷ್ಣತೆಯಲ್ಲಿ ಕಿಣ್ವಗಳ ದ್ರಾವಣದಲ್ಲಿ ಸುಮಾರು ಒಂದು ಗಂಟೆ ನೆನೆಯಲು ಬಿಟ್ಟರೆ ಅಂಗಾಂಶ ಸಡಿಲಗೊಂಡು ಕೋಶಗಳು ಬಿಡಿಬಿಡಿಯಾಗುತ್ತವೆ. ಸೋಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ತಳಕ್ಕೆ ಅಂಟಿಕೊಂಡು ಗುಂಪು ಕಟ್ಟಿದವನ್ನು ಆರಿಸಿಕೊಳ್ಳುತ್ತಾರೆ. ಶೇಖರಿಸುವುದು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ.

ಇಲ್ಲಿ ಹೆತ್ತವರಿಗೆ ಯಾರೂ ಒತ್ತಿ ಹೇಳದ ಒಂದು ಸಂಗತಿಯಿದೆ. ಹಾಲುಹಲ್ಲು ಬೀಳುವುದು ಅದರ ಬೇರು ಕರಗುವುದರಿಂದ. ವಾರಗಟ್ಟಲೆ ಅಲ್ಲಾಡುತ್ತಿದ್ದು ಕೊನೆಗೆ ತಾನೇ ಉದುರಿದ ಹಲ್ಲಿಗೆ ರಕ್ತದ ಸಂಪರ್ಕ ಮೊದಲೇ ಕಡಿದುಹೋಗಿ, ತಿರುಳು ಸತ್ತಿರಬಹುದು ಅಥವಾ ತಿರುಳೇ ಉಳಿಯದಿರಬಹುದು. ಬಿದ್ದ ಹಲ್ಲುಗಳೆಲ್ಲ ಕೋಶ ಕೊಡುವುದಿಲ್ಲ.

ಹೆಸರು ಒಂದೇ, ಕೆಲಸ ಬೇರೆ

ಕಾಂಡಕೋಶ ಎಂದಾಕ್ಷಣ ಜನರ ನೆನಪಿಗೆ ಬರುವುದು ರಕ್ತದ ಕ್ಯಾನ್ಸರ್ ರೋಗಿಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿ. ದಶಕಗಳಿಂದ ಅಸಂಖ್ಯ ಜೀವಗಳನ್ನು ಉಳಿಸಿರುವ ಚಿಕಿತ್ಸೆ ಅದು. ಅಲ್ಲಿ ಬಳಸುವುದು ರಕ್ತವನ್ನು ಉತ್ಪಾದಿಸುವ ಕಾಂಡಕೋಶಗಳನ್ನು. ಹೊಕ್ಕುಳಬಳ್ಳಿಯ ರಕ್ತದಲ್ಲೂ ಅವು ಸಿಗುತ್ತವೆ. ಹಲ್ಲಿನ ತಿರುಳಿನಿಂದ ಬೆಳೆಸುವ ಕೋಶಗಳು ಆ ವರ್ಗಕ್ಕೆ ಸೇರಿದವಲ್ಲ. ಅವು ಮೀಸೆನ್‌ಕೈಮಲ್ ಎಂಬ ಬೇರೆ ಗುಂಪಿನವು. ಮೂಳೆ, ಮೃದ್ವಸ್ಥಿ, ಕೊಬ್ಬು ಇಂಥ ಅಂಗಾಂಶಗಳ ಕಡೆಗೆ ವಾಲಬಲ್ಲವು. ರಕ್ತ ಕಟ್ಟುವುದು ಅವುಗಳ ಕೆಲಸವಲ್ಲ. ಆದ್ದರಿಂದ ಲ್ಯುಕೇಮಿಯಾ ಮತ್ತು ಥಲಸ್ಸೀಮಿಯಾದ ಯಶಸ್ಸನ್ನು ತೋರಿಸಿ ಹಾಲುಹಲ್ಲು ಕಾದಿಡಲು ಹೇಳುವುದು ಒಬ್ಬರ ಅಂಕಪಟ್ಟಿ ತೋರಿಸಿ ಇನ್ನೊಬ್ಬರಿಗೆ ಕೆಲಸ ಕೇಳಿದಂತೆ.

ಮೀಸೆನ್‌ಕೈಮಲ್ ಕೋಶಗಳ ಬಗ್ಗೆ ವಿಜ್ಞಾನಿಗಳಲ್ಲೇ ಒಂದು ದೊಡ್ಡ ಚರ್ಚೆಯಿದೆ. 1991ರಲ್ಲಿ ಇವುಗಳಿಗೆ ಈ ಹೆಸರನ್ನು ಪ್ರಚಾರಕ್ಕೆ ತಂದ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಾಗಬೇಕು ಎಂದು ಬರೆದರು. ದೇಹಕ್ಕೆ ಸೇರಿಸಿದ ಮೇಲೆ ಈ ಕೋಶಗಳು ಬೇಕಾದ ಅಂಗಾಂಶವಾಗಿ ಮಾರ್ಪಡುವುದು ಕಡಿಮೆ. ಕೆಲಕಾಲ ಅಲ್ಲಿದ್ದು, ಉರಿಯೂತ ತಗ್ಗಿಸುವ ಮತ್ತು ಸುತ್ತಲಿನ ಕೋಶಗಳನ್ನು ದುರಸ್ತಿಗೆ ಹಚ್ಚುವ ರಾಸಾಯನಿಕಗಳನ್ನು ಸ್ರವಿಸಿ ಮರೆಯಾಗುವುದೇ ಹೆಚ್ಚು ಎಂಬುದು ಅವರ ವಾದ. ಈ ವಾದ ಸರಿಯಾದರೆ ಪರಿಣಾಮ ದೂರಗಾಮಿ. ಕೋಶದ ಬದಲು ಅದರ ಸ್ರಾವವನ್ನೇ ಔಷಧವಾಗಿ ಕೊಡಬಹುದು. ಹಾಗಾದಾಗ ನಮ್ಮ ಸ್ವಂತ ಕೋಶವೇ ಬೇಕೆಂಬ ಹಟಕ್ಕೂ ಅರ್ಥ ಉಳಿಯುವುದಿಲ್ಲ.

ಹಲ್ಲಿಗೇ ಮರಳಿಸಿದಾಗ ಕಂಡದ್ದು

ತಿರುಳಿಗೆ ಸೋಂಕು ತಗಲಿದರೆ ಇಂದಿನ ರೂಢಿಯ ಪರಿಹಾರ ರೂಟ್ ಕೆನಾಲ್. ತಿರುಳನ್ನು ಪೂರ್ತಿ ತೆಗೆದು, ಬೇರಿನ ನಾಳವನ್ನು ಸ್ವಚ್ಛಗೊಳಿಸಿ, ರಬ್ಬರಿನಂಥ ಗಟ್ಟಾ ಪರ್ಚಾದಿಂದ ತುಂಬುತ್ತಾರೆ. ನೋವು ನಿಲ್ಲುತ್ತದೆ, ಹಲ್ಲು ಬಾಯಲ್ಲಿ ಉಳಿಯುತ್ತದೆ. ದೊಡ್ಡವರಿಗೆ ಇದು ಸಾಮಾನ್ಯವಾಗಿ ಸಾಕು. ಪೆಟ್ಟು ತಿಂದ ಮಕ್ಕಳ ಮುಂದಿನ ಹಲ್ಲಿನ ಕಥೆ ಬೇರೆ. ಏಳೆಂಟು ವರ್ಷದ ಮಗುವಿನ ಶಾಶ್ವತ ಬಾಚಿಹಲ್ಲಿಗೆ ಬೇರು ಪೂರ್ಣವಾಗಿ ಬೆಳೆದಿರುವುದಿಲ್ಲ. ಅದರ ಗೋಡೆ ತೆಳು, ತುದಿ ಅಗಲವಾಗಿ ತೆರೆದಿರುತ್ತದೆ. ಆ ಹಂತದಲ್ಲಿ ತಿರುಳು ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ತುದಿಯನ್ನು ಸಿಮೆಂಟಿನಿಂದ ಮುಚ್ಚಿದರೂ ತೆಳು ಗೋಡೆಯ ಹಲ್ಲು ಮುಂದೊಂದು ದಿನ ಮುರಿಯುವ ಅಪಾಯ ಉಳಿದೇ ಇರುತ್ತದೆ. ಇಲ್ಲಿ ಬೇಕಿರುವುದು ತುಂಬುವ ವಸ್ತುವಲ್ಲ, ಜೀವಂತ ತಿರುಳು.

2018ರಲ್ಲಿ ಚೀನಾದ ತಂಡವೊಂದು ಪ್ರಕಟಿಸಿದ ಪ್ರಯೋಗ ಇದನ್ನೇ ಎದುರಿಸಿತು. ಪೆಟ್ಟಿನಿಂದ ತಿರುಳು ಸತ್ತಿದ್ದ 40 ಮಕ್ಕಳಲ್ಲಿ 30 ಮಂದಿಗೆ ಅವರದೇ ಹಾಲುಹಲ್ಲಿನಿಂದ ಬೆಳೆಸಿದ ಕೋಶಗಳನ್ನು ಗಾಯಗೊಂಡ ಹಲ್ಲಿನ ನಾಳಕ್ಕೆ ಸೇರಿಸಿದರು. ಉಳಿದ 10 ಮಂದಿಗೆ ರೂಢಿಯ ಚಿಕಿತ್ಸೆ. ಒಂದು ವರ್ಷದ ನಂತರ, ಕೋಶ ಪಡೆದ ಗುಂಪಿನಲ್ಲಿ ಪರೀಕ್ಷೆಗೆ ಸಿಕ್ಕ 26 ಮಕ್ಕಳ ಹಲ್ಲುಗಳಲ್ಲಿ ಬೇರು ಉದ್ದವಾಗಿತ್ತು, ತುದಿ ಕಿರಿದಾಗಿತ್ತು, ರಕ್ತದ ಹರಿವು ಮತ್ತು ಸಂವೇದನೆ ಮರಳಿದ ಸೂಚನೆಗಳಿದ್ದವು. ಎರಡು ವರ್ಷ ಹಿಂಬಾಲಿಸಿದ 20 ಮಕ್ಕಳಲ್ಲಿ ಅಡ್ಡಪರಿಣಾಮ ಕಾಣಲಿಲ್ಲ. ಒಂದು ಹಲ್ಲು ಮತ್ತೆ ಪೆಟ್ಟು ತಿಂದು ಕೀಳಬೇಕಾಗಿ ಬಂದಾಗ ಅದನ್ನು ಸೂಕ್ಷ್ಮದರ್ಶಕದಡಿ ನೋಡುವ ಅವಕಾಶವೂ ಸಿಕ್ಕಿತು. ಒಳಗೆ ರಕ್ತನಾಳ, ನರ ಮತ್ತು ಡೆಂಟಿನ್ ಅಂಚಿನ ಕೋಶಸಾಲು ಮೂಡಿದ್ದವು. ಇದಕ್ಕೂ ಮೊದಲೇ, 2017ರಲ್ಲಿ, ಜಪಾನಿನ ಮಿಸಾಕೊ ನಕಾಶಿಮಾ ಅವರ ತಂಡ ಐದು ಮಂದಿ ರೋಗಿಗಳಲ್ಲಿ ಸ್ವಂತ ತಿರುಳಿನ ಕೋಶಗಳನ್ನು ಬಳಸಿ ಉತ್ತೇಜಕ ಫಲಿತಾಂಶ ಕಂಡಿತ್ತು.

ಈ ಕೆಲಸವನ್ನು ಕಡೆಗಣಿಸುವುದು ಅನ್ಯಾಯ. ಒಮ್ಮೆ ಸತ್ತ ತಿರುಳು ಮತ್ತೆ ಬರುವುದಿಲ್ಲ ಎಂಬ ದಂತವೈದ್ಯಕೀಯದ ಹಳೆಯ ನಂಬಿಕೆಯನ್ನು ಇವು ಅಲುಗಾಡಿಸಿವೆ. ಹಾಗೆಂದು ಹತ್ತಾರು ಮಂದಿಯ ಮೇಲಿನ ಪ್ರಯೋಗದಿಂದ ರೂಢಿಯ ಚಿಕಿತ್ಸೆ ಹುಟ್ಟುವುದಿಲ್ಲ. ಚೀನಾದ ಮಕ್ಕಳ ಹಲ್ಲಿನ ತೆರೆದ ತುದಿಯಿಂದ ಹೊಸ ರಕ್ತನಾಳಗಳು ಒಳಬರುವುದು ಸುಲಭವಿತ್ತು. ದೊಡ್ಡವರ ಹಲ್ಲಿನ ತುದಿ ಮಿಲಿಮೀಟರಿಗಿಂತಲೂ ಕಿರಿದು. ರಕ್ತ ತಲುಪದಿದ್ದರೆ ಕೂರಿಸಿದ ಕೋಶ ಬದುಕುವುದಿಲ್ಲ. ಮಕ್ಕಳಲ್ಲಿ ಗೆದ್ದದ್ದು ದೊಡ್ಡವರಲ್ಲೂ ಗೆದ್ದೇ ಗೆಲ್ಲುತ್ತದೆ ಎನ್ನಲು ಬಾರದಿರುವುದು ಈ ಕಾರಣಕ್ಕೆ.

ಕೋಶ ಸೇರಿಸದೆಯೂ ಆಗುತ್ತದೆಯೇ?

ಕ್ಷೇತ್ರದೊಳಗಿನ ನಿಜವಾದ ಜಗಳ ಇರುವುದು ಇಲ್ಲಿ. ಸುದ್ದಿಗಳಲ್ಲಿ ಅದು ಕಾಣುವುದೇ ಇಲ್ಲ.

2001ರಲ್ಲಿ ಜಪಾನಿನಿಂದ, 2004ರಲ್ಲಿ ಅಮೆರಿಕದಿಂದ ಬಂದ ವರದಿಗಳ ನಂತರ ಬೇರೊಂದು ವಿಧಾನ ಜಗತ್ತಿನಾದ್ಯಂತ ಹಬ್ಬಿತು. ನಾಳವನ್ನು ಸೋಂಕುಮುಕ್ತಗೊಳಿಸಿ, ಬೇರಿನ ತುದಿಯಾಚೆಯ ಅಂಗಾಂಶವನ್ನು ಸೂಜಿಯಿಂದ ಕೆಣಕಿ, ರಕ್ತ ಒಳಗೆ ಜಿನುಗುವಂತೆ ಮಾಡುತ್ತಾರೆ. ಹೆಪ್ಪುಗಟ್ಟಿದ ರಕ್ತವೇ ಹಂದರವಾಗುತ್ತದೆ. ತುದಿಯಲ್ಲಿರುವ ಕಾಂಡಕೋಶಗಳು ರಕ್ತದೊಂದಿಗೆ ಹರಿದು ಬರುತ್ತವೆ. ಡೆಂಟಿನ್‌ನಲ್ಲಿ ಅಡಗಿರುವ ಬೆಳವಣಿಗೆಯ ಅಂಶಗಳು ಅವನ್ನು ಕೆಲಸಕ್ಕೆ ಹಚ್ಚುತ್ತವೆ. ಪ್ರಯೋಗಾಲಯ ಬೇಡ, ಶೇಖರಣೆ ಬೇಡ, ವೆಚ್ಚ ಬಹಳ ಕಡಿಮೆ. ಸಾಮಾನ್ಯ ಚಿಕಿತ್ಸಾಲಯದಲ್ಲೇ ಆಗುವ ಕೆಲಸ.

ಕೋಶ ಕಸಿಯ ಪರವಾಗಿರುವವರ ಆಕ್ಷೇಪವೂ ಬಲವಾದದ್ದೇ. ರಕ್ತ ಜಿನುಗಿಸುವ ವಿಧಾನದಲ್ಲಿ ಬೇರು ಎಷ್ಟು ಬೆಳೆಯುತ್ತದೆ ಎಂಬುದನ್ನು ಮೊದಲೇ ಹೇಳಲಾಗದು. ಒಳಗೆ ಬೆಳೆದ ಅಂಗಾಂಶವನ್ನು ಪರೀಕ್ಷಿಸಿದಾಗ ಅನೇಕ ಬಾರಿ ಕಂಡದ್ದು ತಿರುಳಿನ ಬದಲು ಮೂಳೆಯನ್ನೋ ಬೇರಿನ ಹೊರಪದರವನ್ನೋ ಹೋಲುವ ಪದಾರ್ಥ. ಅದು ದುರಸ್ತಿ, ಪುನರುತ್ಪಾದನೆಯಲ್ಲ ಎಂಬುದು ಅವರ ವಾದ. ಎದುರು ಪಕ್ಷದ ಉತ್ತರ: ಹಲ್ಲು ಗಟ್ಟಿಯಾಗಿ ಉಳಿದು, ಸೋಂಕು ವಾಸಿಯಾದರೆ ಒಳಗಿನ ಅಂಗಾಂಶದ ಹೆಸರು ಏನಾದರೇನು? ಇದನ್ನು ತೀರ್ಮಾನಿಸಬೇಕಾದರೆ ಎರಡೂ ವಿಧಾನಗಳನ್ನು ನೂರಾರು ರೋಗಿಗಳಲ್ಲಿ ನೇರವಾಗಿ ಹೋಲಿಸಿ, ವರ್ಷಗಟ್ಟಲೆ ಹಿಂಬಾಲಿಸಬೇಕು.

ಮೂರನೆಯ ದನಿಯೂ ಇದೆ. 2020ರಲ್ಲಿ ಚಿಲಿಯ ಸಂಶೋಧಕರು 36 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ ರೋಗಿಗಳ ಸ್ವಂತ ಕೋಶಗಳನ್ನು ಬಳಸಲೇ ಇಲ್ಲ. ದಾನಿಯ ಹೊಕ್ಕುಳಬಳ್ಳಿಯಿಂದ ಬೆಳೆಸಿದ ಕೋಶಗಳನ್ನು ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ಮಾಡಿದ ಲೋಳೆಯಲ್ಲಿ ಬೆರೆಸಿ, ಪೂರ್ಣ ಬೆಳೆದ ಹಲ್ಲುಗಳಿಗೇ ಸೇರಿಸಿದರು. ಒಂದು ವರ್ಷದಲ್ಲಿ ಹಲವರ ಹಲ್ಲಿಗೆ ಸಂವೇದನೆ ಮರಳಿತು. ಪ್ರಯೋಗ ಚಿಕ್ಕದು, ಸೂಚನೆ ದೊಡ್ಡದು: ಹಲ್ಲಿನ ತಿರುಳನ್ನು ಮರಳಿಸಲು ಹಲ್ಲಿನ ಕೋಶವೇ ಬೇಕೆಂದಿಲ್ಲ, ನಿಮ್ಮದೇ ಆಗಬೇಕೆಂದೂ ಇಲ್ಲ.

ಹಲ್ಲಿನಿಂದ ದೂರ ಹೋದಾಗ

ತಿರುಳಿನ ಕೋಶಗಳು ಭ್ರೂಣದ ನರಶಿಖೆ ಎಂಬ ಭಾಗದಿಂದ ಬಂದವು. ನರಮಂಡಲದ ಕಾಯಿಲೆಗಳಿಗೆ ಇವು ಹೊಂದಬಹುದೆಂಬ ಆಸೆ ಹುಟ್ಟಿದ್ದು ಇದರಿಂದಲೇ. ಆಸೆಗೆ ಆಧಾರವಿಲ್ಲವೆಂದಲ್ಲ. 2012ರಲ್ಲಿ ಜಪಾನಿನ ನಗೋಯಾದ ತಂಡ ಬೆನ್ನುಹುರಿ ಕತ್ತರಿಸಿದ ಇಲಿಗಳಿಗೆ ಮನುಷ್ಯರ ತಿರುಳಿನ ಕೋಶಗಳನ್ನು ಕೊಟ್ಟು, ಹಿಂಗಾಲುಗಳ ಚಲನೆ ಒಂದಿಷ್ಟು ಮರಳಿದ್ದನ್ನು ತೋರಿಸಿತು. ಪಾರ್ಶ್ವವಾಯು ರೋಗಿಗಳಲ್ಲಿ ದಾನಿಗಳ ತಿರುಳಿನ ಕೋಶಗಳನ್ನು ಪರೀಕ್ಷಿಸುವ ಪ್ರಯೋಗವೂ ಜಪಾನಿನಲ್ಲಿ ನಡೆದಿದೆ. ಮಧುಮೇಹಕ್ಕೆ, ವಸಡಿನ ಕಾಯಿಲೆಗೆ ಆರಂಭಿಕ ಪ್ರಯತ್ನಗಳಾಗಿವೆ.

ಆದರೆ ಇಲಿಯ ಬೆನ್ನುಹುರಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಚಿಕಿತ್ಸೆಗಳ ಸಾಲು ಉದ್ದವಿದೆ. ಹಲ್ಲಿನ ನಾಳ ಮುಚ್ಚಿದ ಪುಟ್ಟ ಕೋಣೆ. ಕೋಶ ಹಾಕಿದ ಜಾಗದಲ್ಲೇ ಉಳಿಯುತ್ತದೆ, ಆಗಬೇಕಾದ ಅಂಗಾಂಶವೂ ಅದಕ್ಕೆ ಸಹಜವಾದದ್ದೇ. ರಕ್ತನಾಳಕ್ಕೆ ಚುಚ್ಚಿದ ಕೋಶಗಳು ಹೆಚ್ಚಿನಂಶ ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಮಿದುಳಿಗೆ ತಲುಪಿದರೂ ಅಲ್ಲಿ ಅವು ತಮ್ಮದಲ್ಲದ ಅಂಗಾಂಶವಾಗಿ ಬೆಳೆದು, ಸರಿಯಾದ ನರಗಳೊಂದಿಗೆ ಬೆಸೆಯಬೇಕು. ಅಡ್ಡಿಗಳು ಒಂದರ ಮೇಲೊಂದು ಪೇರಿಸಿದಂತೆ ಏರುತ್ತಾ ಹೋಗುತ್ತವೆ. ಇಂದಿನವರೆಗೆ ಪಾರ್ಶ್ವವಾಯು, ಮಧುಮೇಹ, ಆಟಿಸಂ, ಪಾರ್ಕಿನ್ಸನ್ ಯಾವುದಕ್ಕೂ ತಿರುಳಿನ ಕೋಶ ರೂಢಿಯ ಚಿಕಿತ್ಸೆಯಾಗಿಲ್ಲ.

ಪುರಾವೆ ಬರುವ ಮೊದಲೇ ಚಿಕಿತ್ಸೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಕಾಂಡಕೋಶಗಳ ಇತಿಹಾಸ ಸಾಕ್ಷಿ ಹೇಳುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿಗೆ ತೀವ್ರ ಹಾನಿ ಮಾಡಿಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ನಮ್ಮದೇ ಕೋಶ, ಅಪಾಯ ಎಲ್ಲಿಂದ ಬಂತು ಎಂಬ ಸಮಾಧಾನ ಆ ಮೂವರನ್ನೂ ಕಾಯಲಿಲ್ಲ.

ಕಾದಿಡಬೇಕೇ?

ಪರವಾದ ವಾದ ಹೀಗಿದೆ: ಹೇಗೂ ಎಸೆಯುವ ಹಲ್ಲು, ಮಗುವಿಗೆ ನೋವಿಲ್ಲ, ನೈತಿಕ ತೊಡಕಿಲ್ಲ, ಎಳೆಯ ಕೋಶಗಳು ಹೆಚ್ಚು ಚುರುಕು, ವಿಜ್ಞಾನ ನಾಳೆ ಎಲ್ಲಿಗೆ ಹೋದೀತೋ ಯಾರು ಬಲ್ಲರು. ಇದರಲ್ಲಿ ಸುಳ್ಳಿಲ್ಲ. ಕೊನೆಯ ಮಾತು ಮಾತ್ರ ಎರಡೂ ಕಡೆಗೆ ಕೊಯ್ಯುತ್ತದೆ. ನಾಳೆಯ ವಿಜ್ಞಾನ ಇಂದು ಕಾದಿಟ್ಟ ಕೋಶವನ್ನೇ ಕೇಳುತ್ತದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ದಾನಿಯ ಕೋಶಗಳನ್ನು ಸಗಟಾಗಿ ಬೆಳೆಸಿ, ಪರೀಕ್ಷಿಸಿ, ಔಷಧದಂತೆ ಸಿದ್ಧವಾಗಿಡುವತ್ತ ಉದ್ಯಮ ಸಾಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೊದಲ ಬಾರಿಗೆ ಒಂದು ಮೀಸೆನ್‌ಕೈಮಲ್ ಕೋಶ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಾಗ, ಅದು ದಾನಿಗಳ ಅಸ್ಥಿಮಜ್ಜೆಯಿಂದ ತಯಾರಾದದ್ದಾಗಿತ್ತು. ಪಾರ್ಶ್ವವಾಯುವಿನಂಥ ತುರ್ತಿನಲ್ಲಿ ಸ್ವಂತ ಕೋಶವನ್ನು ಕರಗಿಸಿ, ವಾರಗಟ್ಟಲೆ ಬೆಳೆಸಿ, ಶುದ್ಧಿ ಪರೀಕ್ಷಿಸಿ ಕೊಡಲು ಸಮಯವೂ ಇರುವುದಿಲ್ಲ. ವಂಶವಾಹಿ ದೋಷದಿಂದ ಬರುವ ಕಾಯಿಲೆಯಾದರೆ ಸ್ವಂತ ಕೋಶದಲ್ಲೂ ಅದೇ ದೋಷವಿರುತ್ತದೆ.

ಹಾಲುಹಲ್ಲೇ ಕೊನೆಯ ಅವಕಾಶ ಎಂಬ ಅವಸರಕ್ಕೂ ಆಧಾರವಿಲ್ಲ. ಮಗುವಿನ ಬಾಯಲ್ಲಿ ಹಾಲುಹಲ್ಲುಗಳು ಇಪ್ಪತ್ತು. ಮುಂದೆ ಕೀಳಿಸಬೇಕಾಗುವ ಬುದ್ಧಿಹಲ್ಲುಗಳಲ್ಲಿ, ಜೀವನಪೂರ್ತಿ ಅಸ್ಥಿಮಜ್ಜೆ ಮತ್ತು ಕೊಬ್ಬಿನಲ್ಲಿ ಈ ವರ್ಗದ ಕೋಶಗಳು ಸಿಗುತ್ತವೆ. 2006ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ತೋರಿಸಿಕೊಟ್ಟ ದಾರಿಯಲ್ಲಿ ಚರ್ಮದ ಸಾಮಾನ್ಯ ಕೋಶವನ್ನೂ ಕಾಂಡಕೋಶದ ಸ್ಥಿತಿಗೆ ಮರಳಿಸಬಹುದು. ಹಲ್ಲು ಬಿದ್ದು ಕಳೆದುಹೋಯಿತೆಂದು ಕೊರಗುವ ತಂದೆತಾಯಿಗೆ ಯಾರಾದರೂ ಇಷ್ಟನ್ನು ಹೇಳಬೇಕು.

ದೇಶಗಳ ನಿಯಮಗಳು ಒಂದೇ ಬಗೆಯಾಗಿಲ್ಲ. ಜಪಾನ್ 2014ರಲ್ಲಿ ಪುನರುತ್ಪಾದಕ ಚಿಕಿತ್ಸೆಗಳಿಗೆ ಪ್ರತ್ಯೇಕ ಕಾನೂನು ಜಾರಿಗೆ ತಂದು ಬಾಗಿಲನ್ನು ಬೇಗ ತೆರೆಯಿತು. ಭಾರತದ 2017ರ ರಾಷ್ಟ್ರೀಯ ಮಾರ್ಗಸೂಚಿ ಹೊಕ್ಕುಳಬಳ್ಳಿಯ ರಕ್ತವನ್ನು ಬಿಟ್ಟರೆ ಹಲ್ಲೂ ಸೇರಿದಂತೆ ಬೇರೆ ಮೂಲಗಳ ವಾಣಿಜ್ಯ ಶೇಖರಣೆಗೆ ಒಪ್ಪಿಗೆ ಕೊಡಲಿಲ್ಲ. ಬೇಗ ತೆರೆದರೆ ರೋಗಿಗೆ ಹೊಸತು ಬೇಗ ಸಿಗುತ್ತದೆ, ಪುರಾವೆಯಿಲ್ಲದ್ದೂ ಜೊತೆಗೇ ನುಸುಳುತ್ತದೆ. ತಡೆದರೆ ಮೋಸ ಕಡಿಮೆಯಾಗುತ್ತದೆ, ಪ್ರಯೋಗಗಳು ನಿಧಾನವಾಗುತ್ತವೆ. ಹಣ ಕೊಟ್ಟು ಮನೆಗೊಯ್ಯುವ ಭರವಸೆಗೆ ಬಿಗಿಯಾದ ನಿಯಮವೂ, ನೋಂದಾಯಿತ ಪ್ರಯೋಗಕ್ಕೆ ಸಲೀಸಾದ ದಾರಿಯೂ ಇರಬೇಕು. ಪ್ರಯೋಗದಲ್ಲಿ ಸೇರಿದ ರೋಗಿಯಿಂದ ಚಿಕಿತ್ಸೆಗೆ ಹಣ ಕೇಳಿದರೆ ಅಲ್ಲೇ ಅನುಮಾನ ಪಡಬೇಕು.

ಬಾಯಲ್ಲಿರುವ ತಿರುಳು

ಶೀತಕದಲ್ಲಿಟ್ಟ ಕೋಶಗಳ ಗದ್ದಲದಲ್ಲಿ ಬಾಯೊಳಗೆ ಈಗಾಗಲೇ ಕೆಲಸ ಮಾಡುತ್ತಿರುವ ಕೋಶಗಳನ್ನು ಮರೆಯುತ್ತಿದ್ದೇವೆ. ಹುಳುಕು ತಿರುಳಿನವರೆಗೆ ಇಳಿದರೂ ಎಲ್ಲ ಸಂದರ್ಭಗಳಲ್ಲೂ ತಿರುಳನ್ನು ಪೂರ್ತಿ ತೆಗೆಯಬೇಕಿಲ್ಲ. ಕೆಟ್ಟ ಭಾಗವನ್ನಷ್ಟೇ ತೆಗೆದು, ಉಳಿದದ್ದರ ಮೇಲೆ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್ ಹಾಕಿ ಗಾಳಿ ಆಡದಂತೆ ಮುಚ್ಚಿದರೆ, ತಿರುಳಿನ ಕಾಂಡಕೋಶಗಳೇ ಹೊಸ ಡೆಂಟಿನ್ ಕಟ್ಟಿ ಗಾಯದ ಮೇಲೆ ಸೇತುವೆ ಹಾಕುತ್ತವೆ. ಹಲವು ದೇಶಗಳ ದಂತವೈದ್ಯ ಸಂಘಟನೆಗಳು ಈಗ ಈ ತಿರುಳು ಉಳಿಸುವ ಚಿಕಿತ್ಸೆಯತ್ತ ಹೆಚ್ಚು ಒಲವು ತೋರುತ್ತಿವೆ. ಆಟವಾಡುವಾಗ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಮಗುವನ್ನು ಅದೇ ದಿನ ದಂತವೈದ್ಯರಲ್ಲಿಗೆ ಕರೆದೊಯ್ದರೆ, ಆ ತಿರುಳು ಬದುಕಿ ಬೇರು ಪೂರ್ತಿ ಬೆಳೆಯುವ ಸಾಧ್ಯತೆ ಹೆಚ್ಚು. ತಡಮಾಡಿದರೆ ಸೋಂಕು ಆಳಕ್ಕಿಳಿಯುತ್ತದೆ. ಕೋಶ ಕಸಿಯ ದೊಡ್ಡ ಪ್ರಯೋಗಗಳ ಫಲಿತಾಂಶ ಬರಲು ಇನ್ನೂ ವರ್ಷಗಳು ಬೇಕು. ಹಲ್ಲಿಗೆ ಪೆಟ್ಟು ಬಿದ್ದ ಮಗುವಿನ ಮುಂದೆ ಇರುವುದು ಕೆಲವೇ ಗಂಟೆಗಳು.